ಬ್ರೇಕ್ ಒತ್ತಿದ್ರೂ ಓಡೂ ಟೇಬಲ್: ನಾಲ್ಕ ಗಾಲಿ ರಿಪೇರಿ ಕಥಿ

ನಮ್ಮ ಶೆಡ್ ಹುಬ್ಬಳ್ಳಿ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಐತಿ, 20 ಬೈ 40 ಫೂಟ್ ಅಷ್ಟ. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲಿ ರಿಪೇರಿ, ಬಂದದ್ದೆಲ್ಲಾ ಮಾಡ್ತೀವಿ. ಜಾಗಾ ಸಾಲೂದಿಲ್ಲ ಅಂತ ಎರಡ ವರ್ಷದ ಹಿಂದ ವೆಲ್ಡಿಂಗ್ ಟೇಬಲ್‌ಗೆ ಗಾಲಿ ಹಚ್ಚಿದ್ವಿ, ಉದ್ದನ ಗೇಟ್ ಬಂದಾಗ ಟೇಬಲ್ ಬಾಗಲಕಡೆ ದಬ್ಬೂದು, ಲೇಥ್ ಕೆಲಸ ಇದ್ದಾಗ ಮೂಲಿಗೆ ದಬ್ಬೂದು. ಅಂಗಡ್ಯಾಗ ಅದಕ್ಕ ಕ್ಯಾಸ್ಟರ್ ಅಂತಾರ, ನಮ್ಮ ಬಾಯಾಗ ಗಾಲಿನ. ನಾಲ್ಕೂ ತಿರಗೂ ಗಾಲಿ (ಎತ್ತಾಗ ಬೇಕಾದ್ರೂ ಮಾರಿ ತಿರುವೂವು), ಅದರಾಗ ವೈಸ್ (ಕಬ್ಬಿಣ ಬಿಗಿ ಹಿಡಿಯೂ ಇಕ್ಕಳ) ಇರೂ ಬದಿಯ ಎರಡಕ್ಕ ಬ್ರೇಕ್. ಅಷ್ಟ ಸಾಕು ಅನಕೊಂಡಿದ್ದೆ.

ಮೇ ತಿಂಗಳದಾಗ ಬ್ಯಾಡಗಿ ಕಡೆ ಒಂದ ಮೆಣಸಿನಕಾಯಿ ಗೋಡೌನ್‌ದ ಗೇಟ್ ನಡದಿತ್ತು. ಗೇಟಿನ ಒಂದ ಪಲ್ಲಾ (ಬಾಗಲ) ಟೇಬಲ್ ಮ್ಯಾಲೆ ಮಲಗಿಸಿತ್ತು, ವೈಸ್‌ನ್ಯಾಗ 40 ಬೈ 6 ಎಂಎಂ ಪಟ್ಟಿ ಹಿಡದು ಪೈಪ್ ಹಾಕಿ ಬಗ್ಗಸಾಕತ್ತಿದ್ದೆ, ಒಂದ ಜಗ್ಗು ಜೋರ ಜಗ್ಗಿದೆ ನೋಡ್ರಿ, ಟೇಬಲ್ ನನ್ನ ಕೂಡನ ಬಂತು, ಪಲ್ಲಾ ಜಾರಿ ನಮ್ಮ ಹುಡುಗನ ಕಾಲ ಮ್ಯಾಲೆ ಬಿತ್ತು. ಕಾಲಾಗ ಚಪ್ಪಲಿ. ಹೆಬ್ಬೆರಳ ಉಗುರ ಕರ್ರಗಾತು, ಪುಣ್ಯಾಕ್ಕ ಎಲಬು ಮುರೀಲಿಲ್ಲ. ನಾನು ಮೊದಲ ಅವನ್ನ ಬೈದೆ, "ಬ್ರೇಕ್ ಒತ್ತು ಅಂತ ಎಷ್ಟ ಸಲಾ ಹೇಳಬೇಕಲೇ" ಅಂತ. ಅವಾ ಕಾಲ ಹಿಡಕೊಂಡ ಕುಂತಾವ "ಅಣ್ಣಾ, ಒತ್ತೇನಿ, ನೀನ ನೋಡು" ಅಂದಾ. ಬಗ್ಗಿ ನೋಡಿದ್ರ ಹೌದು, ಎರಡೂ ಪೆಡಲ್ ಕೆಳಗ ಇದ್ದೂವು. ಬೈದದ್ದು ಸುಳ್ಳಾತು, ಅವತ್ತ ಸಂಜಿಕ ಗಿರ್ಮಿಟ್ ಮಿರ್ಚಿ ನನ್ನ ಖರ್ಚು.

ಮರುದಿನ ಕೆಲಸಾ ಬಂದ್ ಮಾಡಿ ಇದನ್ನ ಹಿಡದೆ. ಮೊದಲ ಬಂದ ಅನುಮಾನ ನೆಲದ ಮ್ಯಾಲೆ. ನಮ್ಮ ಕಡೆ ಎರಿ ಮಣ್ಣು, ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಿಗ್ಯಾಗ ಒಣಗಿ ಬಿರಿತೈತಿ, ಕೆಳಗ ಗರಸು ಸರಿಯಾಗಿ ತುಂಬದ ಕೋಬಾ (ಕಾಂಕ್ರೀಟ್ ನೆಲ) ಹಾಕಿದ್ರ ನೆಲಾ ಒಂದ ಕಡೆ ಎದ್ದ ಇನ್ನೊಂದ ಕಡೆ ಕುಂದರತೈತಿ. ನೀರಿನ ಲೆವಲ್ ಪೈಪ್ ಹಿಡದ ನೋಡಿದೆ, ಟೇಬಲ್ ಉದ್ದ 5 ಫೂಟ್, ಅಷ್ಟರಾಗ 20 ಎಂಎಂ ಇಳಿಜಾರು. ಕೇಳಾಕ ಜಾಸ್ತಿ ಅನಸ್ತೈತಿ, ಆದ್ರ ಲೆಕ್ಕಾ ಹಾಕಿದ್ರ ಏನೂ ಅಲ್ಲ. 5 ಬೈ 3 ಫೂಟಿನ 12 ಎಂಎಂ ಪ್ಲೇಟ್ ಒಂದ 131 ಕೆಜಿ, ಚೌಕ್ ಪೈಪಿನ ಕಾಲು, ಚೌಕಟ್ಟು, ವೈಸ್ ಎಲ್ಲಾ ಹಿಡದು ಖಾಲಿ ಟೇಬಲ್ ಸುಮಾರ 280, ಮ್ಯಾಲೆ ಜಾಸ್ತಿ ಅಂದ್ರ 250 ಕೆಜಿ ಮಾಲು, ಒಟ್ಟ 530. 5 ಫೂಟಿಗೆ 20 ಎಂಎಂ ಇಳಿಜಾರಿನ್ಯಾಗ ಅದು ಕೆಳಗ ಜಗ್ಗೂದು ಬರೇ 7 ಕೆಜಿ ಜೋರಿಲೆ. ಇಷ್ಟಕ್ಕ ಬ್ರೇಕ್ ಸೋಲೂದಿಲ್ಲ. ಅಂದ್ರ ಟೇಬಲ್ ಓಡಿಸಿದ್ದು ನೆಲ ಅಲ್ಲ, ನಾನ.

ಬಾಜೂ ಶೆಡ್‌ನ್ಯಾವ್ರ ಕಡೆ ಚೀಲಾ ತೂಗೂ ನೇತಾಡೂ ಕಾಟಾ ಇತ್ತು, ಅದನ್ನ ತಂದೆ. ಟೇಬಲ್ ಕಾಲಿಗೆ ಕಾಟಾದ ಕೊಕ್ಕಿ ಹಾಕಿ ನೆಲಕ್ಕ ಸಮಾ ಜಗ್ಗಿ ಎಷ್ಟಕ್ಕ ಸರಿತೈತಿ ಅಂತ ನೋಡೂದು. ಬ್ರೇಕ್ ಎರಡೂ ಒತ್ತಿ ಉದ್ದಕ ಜಗ್ಗಿದೆ, 16 ಕೆಜಿಗೆ ಗಾಲಿ ತಿರಗಾಕತ್ತೂವು. ಹದಿನಾರು! ಕೂಸು ಜಗ್ಗಿದ್ರೂ ಬರ್ತೈತಿ.

ಗಾಲಿ ಬಿಚ್ಚಿ ನೋಡಿದಾಗ ಕಾರಣ ಕಣ್ಣಿಗೆ ಬಿತ್ತು. ಈ ಬ್ರೇಕ್ ಅಗದಿ ಸಾದಾ, ಪೆಡಲ್ ಒತ್ತಿದ್ರ ಒಂದ ಸ್ಟೀಲ್ ತುಂಡು ಬಂದು ಗಾಲಿ ಮೈಗೆ ಕಚ್ಚತೈತಿ. ಹೊಸಾದಾಗ ಗಾಲಿ 150 ಎಂಎಂ ಇತ್ತು, ಈಗ ವರ್ನಿಯರ್ ಹಿಡದ್ರ 144. ಅಂದ್ರ ಸ್ಟೀಲ್ ತುಂಡಿಗೂ ಗಾಲಿಗೂ ನಡುವ 3 ಎಂಎಂ ಜಾಗಾ ಹೆಚ್ಚಾಗೈತಿ, ಪೆಡಲ್ ಕೆಳಗ ಹೋಗಿ ಖಟ್ ಅಂತ ಕುಂದರತೈತಿ, ಕೇಳಿದಾವ್ರಿಗೆ ಬ್ರೇಕ್ ಬಿತ್ತು ಅನಸ್ತೈತಿ, ಆದ್ರ ಅದು ಗಾಲಿಗೆ ಬರೇ ಮುತ್ತ ಕೊಟ್ಟ ಬಿಡತೈತಿ. ಇದನ್ನ ಸರಿ ಮಾಡಾಕ ಕಂಪನಿಯಾವ್ರು ಒಂದ ಸಣ್ಣ ಅಡ್ಜಸ್ಟ್ ಬೋಲ್ಟ್ ಇಟ್ಟಿರ್ತಾರ, ನಮ್ಮದರಾಗ ಅದರ ಮ್ಯಾಲೆ ವೆಲ್ಡಿಂಗ್ ಕಿಡಿ ಬಿದ್ದ ಬಿದ್ದ ಗಂಟ ಆಗಿ, ಜಂಗ ಹಿಡದು, ಅಲ್ಲೊಂದ ಬೋಲ್ಟ್ ಐತಿ ಅನ್ನೂದ ಗೊತ್ತಿರಲಿಲ್ಲ ನನಗ. ಡೀಜಲ್ ಹಾಕಿ ಒಂದ ರಾತ್ರಿ ಬಿಟ್ಟು, ಮುಂಜಾನಿ ಪಾನಾ ಹಾಕಿ ಬಿಚ್ಚಿದೆ, ಒಂದ ಬಂತು, ಇನ್ನೊಂದರ ತಲಿನ ಮುರೀತು, ಅದನ್ನ ಡ್ರಿಲ್ ಮಾಡಿ ತಗದು ಹೊಸಾದ ಹಾಕಿದೆ.

ಬಿಗಿ ಮಾಡಿ ಮತ್ತ ಜಗ್ಗಿದ್ರ 38 ಕೆಜಿ. ಖುಷಿ ಆತು. ಆದ್ರ ಹೊಸಾ ತ್ರಾಸ ಏನಂದ್ರ, ಒಂದ ಕಡೆ ಗಾಲಿ ಚಪ್ಪಟ ಆಗಿತ್ತು, ತೂಕಾ ಹೊತ್ತು ತಿಂಗಳಗಟ್ಟಲೆ ಒಂದ ಜಾಗಾದಾಗ ನಿಂತ್ರ ಪಿಯು (ಪಾಲಿಯುರೇಥೇನ್, ರಬ್ಬರಿನಂಥಾ ಗಟ್ಟಿ ಪ್ಲಾಸ್ಟಿಕ್) ಗಾಲಿ ಹಂಗ ಆಗ್ತೈತಿ. ಚಪ್ಪಟ ಜಾಗಾ ಬ್ರೇಕ್ ಕೆಳಗ ಬಂದ್ರ ಸಡಲ, ಗುಂಡ ಜಾಗಾ ಬಂದ್ರ ಪೆಡಲ್ ಒತ್ತಾಕ ಆಗವಲ್ದು. ಹುಡುಗ ಹಾರಿ ಹಾರಿ ಒತ್ತಾಕತ್ತಾ, ಕುಂಟ ಕಾಲಿಲೆ.

ಆಮ್ಯಾಲೆ ಒಂದ ಶ್ಯಾಣ್ಯಾತನ ಮಾಡಿದೆ, ಹಳೇ ಟೈರಿನ ರಬ್ಬರ್ ಕತ್ತರಿಸಿ ಸ್ಟೀಲ್ ತುಂಡಿಗೆ ಗಮ್ ಹಾಕಿ ಅಂಟಿಸಿದೆ. ಮೊದಲ ದಿನಾ ಏನ್ ಹಿಡಿತು ಅಂತೀರಿ. ನಾಲ್ಕನೇ ದಿನಾ ಎದ್ದ ಹೋತು, ಅದೂ ಅಲ್ದ ರಬ್ಬರ್‌ನ್ಯಾಗ ಲೇಥ್ ಚೂರು ಸಿಕ್ಕೊಂಡು ಗಾಲಿ ಮೈಯ್ಯಾಗ ಗೀರ ಹಾಕಿದ್ದೂವು. ನೀವು ಮಾಡಬ್ಯಾಡ್ರಿ.

ಈಗ ಅಸಲಿ ಮಾತಿಗೆ ಬರ್ತೇನಿ. ಉದ್ದಕ 38 ಕೆಜಿ ತಡೀತಿತ್ತಲ್ಲಾ, ಅದ ಟೇಬಲ್‌ನ ಮೂಲಿಗೆ ಕಾಟಾ ಹಾಕಿ ಅಡ್ಡ ಜಗ್ಗಿದೆ, 12 ಕೆಜಿಗೆ ಅಲುಗಾಡಿ ಮೂರ ಇಂಚ ಸರೀತು, ಅಲ್ಲೇ ನಿಂತು, ಆ ಕಡೆಯಿಂದ ಜಗ್ಗಿದ್ರ ಮತ್ತ ವಾಪಸ್ ಮೂರ ಇಂಚ. ಗಾಲಿ ಉರಳಾಕತ್ತಿಲ್ಲ, ಬ್ರೇಕ್ ಗಟ್ಟಿ ಐತಿ, ಮತ್ತ ಟೇಬಲ್ ಹೆಂಗ ಸರಿತೈತಿ? ಅರ್ಧಾ ತಾಸು ತಲಿ ಕೆರಕೊಂಡೆ. ಕೊನಿಗೆ ಖಡು (ಸೀಮೆಸುಣ್ಣ) ತಗೊಂಡು ಗಾಲಿ ನೆಲಕ್ಕ ಮುಟ್ಟಿದ ಜಾಗಾಕ್ಕ ಒಂದ ಗುರ್ತು ಹಾಕಿದೆ, ಗಾಲಿ ಮ್ಯಾಲಿನ ನಡುವಿನ ಪಿನ್‌ನಿಂದ ಓಳಂಬಾ (ದಾರಕ್ಕ ಕಟ್ಟಿದ ಗುಂಡು) ಬಿಟ್ಟು ಅಲ್ಲೊಂದ ಗುರ್ತು ಹಾಕಿದೆ. ಎರಡರ ನಡುವ 40 ಎಂಎಂ. ತಿರಗೂ ಗಾಲಿ ಯಾವತ್ತೂ ತನ್ನ ಪಿನ್ ಕೆಳಗ ನೆಟ್ಟಗ ಇರೂದಿಲ್ಲ, ಸ್ವಲ್ಪ ಹಿಂದ ಇರ್ತೈತಿ, ಅದಕ್ಕ ನಾವು ದಬ್ಬಿದ ಕಡೆ ತಾನ ತಿರಗಿ ಹೊಂದಕೊಳ್ಳತೈತಿ. ಈಗ ಅಡ್ಡ ಜಗ್ಗಿದೆ. ಗಾಲಿಯ ಖಡು ಗುರ್ತು ಇದ್ದಲ್ಲೇ ಐತಿ, ಆದ್ರ ಓಳಂಬಾ ಅದರ ಸುತ್ತ ಗುಂಡಕ ಸುತ್ತತೈತಿ! ಗಾಲಿ ನೆಲಾ ಕಚ್ಚಿ ನಿಂತೈತಿ, ಅದರ ತಲಿ, ಅಂದ್ರ ಪಿನ್ ಸುತ್ತ ತಿರಗೂ ಮ್ಯಾಲಿನ ಭಾಗ, ಬಿಟ್ಟೈತಿ, ಟೇಬಲ್ ಆ ತಲಿ ಮ್ಯಾಲೆ ಕುಂತ ಜೋಕಾಲಿ ಆಡತೈತಿ. ಈ ಬದಿ 40, ಆ ಬದಿ 40, ಕೂಡಿ 80 ಎಂಎಂ, ಅದ ನನ್ನ ಮೂರ ಇಂಚು. ಎರಡ ವರ್ಷ ನಾನು ಗಾಲಿ ನೋಡಾಕತ್ತಿದ್ದೆ, ತ್ರಾಸ ಇದ್ದದ್ದು ತಲ್ಯಾಗ.

ಮತ್ತ ಆ ತುದಿಯ ಎರಡ ಗಾಲಿಗೆ ಬ್ರೇಕ್ ಇಲ್ಲ, ಅವು ಎತ್ತಾಗ ಬೇಕಾದ್ರ ಅತ್ತಾಗ ಹೋಗ್ತಾವ. ಅಂದ್ರ ವೈಸ್ ಬದಿ ಮೊಳೆ ಹೊಡದಂಗ ನಿಂತ್ರೂ ಆ ತುದಿ ಬಾಗಲದ ಹಂಗ ತೆರೀತೈತಿ. ಪೈಪ್ ಹಾಕಿ ಬಗ್ಗಸೂವಾಗ ಟೇಬಲ್ ಸೀದಾ ಬರೂದಿಲ್ಲ, ತಿರುವು ಹೊಡೀತೈತಿ, ಪಲ್ಲಾ ಜಾರಿದ್ದೂ ಅದಕ್ಕ.

ತಲಿ ಲಾಕ್ ಮಾಡಾಕ ಮೊದಲ ಮನ್ಯಾಗಿನ ಮದ್ದ ಮಾಡಿ ನೋಡೂಣು ಅಂತ, 8 ಎಂಎಂ ಪ್ಲೇಟ್ 160 ಬೈ 160 ಕತ್ತರಿಸಿ ಟೇಬಲ್ ಕಾಲಿಗೂ ಗಾಲಿಗೂ ನಡುವ ಕೊಟ್ಟೆ. ಫೋರ್ಕ್ (ಗಾಲಿಯ ಎರಡೂ ಬದಿ ಹಿಡಿಯೂ ಕವಲು) ಹೊರಮೈಗೆ ಒಂದ ಬುಶ್ (ಸಣ್ಣ ನಳಿಗಿ) ವೆಲ್ಡ್ ಮಾಡಿ ಅದರಾಗ ಸ್ಪ್ರಿಂಗ್ ಹಾಕಿದ 12 ಎಂಎಂ ಪಿನ್, ಪ್ಲೇಟಿನ್ಯಾಗ ನಾಲ್ಕ ದಿಕ್ಕಿಗೆ ನಾಲ್ಕ ತೂತು. ಫೋರ್ಕ್ ತಿರಗಿ ತೂತಿಗೆ ಬಂದ್ರ ಪಿನ್ ಟಕ್ ಅಂತ ಮ್ಯಾಲೆ ಹೋಗಿ ಕುಂದರತೈತಿ, ತಗೀಬೇಕಂದ್ರ ಕೆಳಗ ಜಗ್ಗಿ ಕಾಲ್ಭಾಗ ಸುತ್ತ ತಿರುವಿ ಬಿಡೂದು.

ಇದನ್ನ ಮಾಡೂವಾಗ ಮೂರ ತಪ್ಪ ಆಗಬಾರದು. ಗಾಲಿ ಫೋರ್ಕ್ ಮ್ಯಾಲೆ ಬಿಳಿ ಹೊಳಪ ಇರ್ತೈತಲ್ಲಾ, ಅದು ಸತುವಿನ ಲೇಪ, ಅದರ ಮ್ಯಾಲೆ ಹಂಗ ವೆಲ್ಡ್ ಹೊಡದ್ರ ಬಿಳಿ ಹೊಗಿ ಏಳತೈತಿ, ಅದನ್ನ ಕುಡದ್ರ ರಾತ್ರಿ ಚಳಿ ಜ್ವರಾ ಗ್ಯಾರಂಟಿ. ಗ್ರೈಂಡರ್ ಹಿಡದು ಕಬ್ಬಿಣ ಕಾಣೂತನಾ ಕೆರೀರಿ, ಫ್ಯಾನ್ ಹಚ್ಚಿ ಗಾಳಿ ಕಡೆ ಬೆನ್ನ ಮಾಡಿ ನಿಲ್ಲರಿ. ಎರಡನೇದು, ಗಾಲಿ ತಗದು ಬಾಜೂ ಇಡ್ರಿ, ಪಿಯು ಬಿಸಿಗೆ ಕರಗತೈತಿ. ಮೂರನೇದು ಭಾಳ ಮಂದಿಗೆ ಗೊತ್ತಿಲ್ಲ: ಅರ್ಥಿಂಗ್ ಕ್ಲ್ಯಾಂಪ್ ಟೇಬಲ್‌ಗೆ ಹಾಕಿ ಫೋರ್ಕ್ ಮ್ಯಾಲೆ ವೆಲ್ಡ್ ಹೊಡದ್ರ ಕರೆಂಟ್ ಎಲ್ಲಾ ತಲ್ಯಾಗಿನ ಸಣ್ಣ ಸಣ್ಣ ಬಾಲ್ಸ್ ಹಾದು ಹೋಗತೈತಿ, ಬಾಲ್ಸ್ ಮುಟ್ಟಿದ ಜಾಗಾದಾಗ ಕಿಡಿ ಹಾರಿ ಕುಳಿ ಬೀಳತಾವ, ಆಮ್ಯಾಲೆ ತಲಿ ಕಟಕಟ ಅನ್ನಾಕ ಹತ್ತತೈತಿ. ಕ್ಲ್ಯಾಂಪ್ ಫೋರ್ಕಿಗೇನ ಕಚ್ಚಿಸ್ರಿ.

ಪಿನ್ ಲಾಕ್ ಚೊಲೋ ಕೆಲಸ ಮಾಡ್ತು. ಅಡ್ಡ ಅಲುಗಾಟ ಪೂರಾ ಹೋತು, ಅದೂ ಅಲ್ದ ಒಂದ ಬದಿ ಪಿನ್ ಹಾಕಿ ದಬ್ಬಿದ್ರ ಟೇಬಲ್ ಶೆಡ್ ಉದ್ದಕ್ಕೂ ರೈಲಿನಂಗ ಸೀದಾ ಓಡತೈತಿ, ಇಲ್ಲಾಂದ್ರ ನಾಲ್ಕೂ ತಿರಗೂ ಗಾಲಿ ಇದ್ದ ಟೇಬಲ್ ಕುಡದಾವ್ನಂಗ ಎಲ್ಲೆಲ್ಲೋ ಹೋಗ್ತಿತ್ತು. ಬರೇ ಒಂದ ಕಿರಿಕಿರಿ, ಪಿನ್ ತೂತಿಗೆ ಬರೂತನಾ ಟೇಬಲ್ ಹಿಂದ ಮುಂದ ನೂಕಬೇಕು.

ಹಂಗಿದ್ರ ಅಲ್ಲಿಗೇ ಮುಗೀಬೇಕಿತ್ತು. ಆದ್ರ ಬಿಚ್ಚಿದಾಗ ಕಂಡದ್ದು ಬಿಡಲಿಲ್ಲ. ಒಂದ ಫೋರ್ಕಿನ ಕಾಲು ಅಗಲ ಆಗಿತ್ತು, ತಲ್ಯಾಗಿನ ಗ್ರೀಸ್ ಮತ್ತ ಗ್ರೈಂಡಿಂಗ್ ಪುಡಿ ಕೂಡಿ ಅರಿಯೂ ಪೇಸ್ಟ್ ಆಗಿ ಬಾಲ್ಸ್ ದಾರಿನ ತಿಂದಿತ್ತು. ಈ ಗಾಲಿ ತಗೊಳ್ಳುವಾಗ ಡಬ್ಬಿ ಮ್ಯಾಲೆ 150 ಕೆಜಿ ಅಂತಿತ್ತು, ನಾನು ನಾಲ್ಕ ಗಾಲಿಗೆ 600 ಅಂತ ಲೆಕ್ಕಾ ಹಾಕಿದ್ದೆ. ಲೇಥ್ ಕಾಕಾ ನಕ್ಕಾರು, "ತಮ್ಮಾ, ನಾಲ್ಕ ಕಾಲಿನ ಮೇಜು ಡೊಂಕ ನೆಲದ ಮ್ಯಾಲೆ ಮೂರ ಕಾಲಿನ ಮ್ಯಾಲೇ ನಿಲ್ಲತೈತಿ, ಮೂರರಿಂದ ಭಾಗಿಸು" ಅಂದ್ರು. 530 ಭಾಗ ಮೂರು, 177. ನಮ್ಮ ಗಾಲಿ ಎರಡ ವರ್ಷದಿಂದ ತನ್ನ ತಾಕತ್ತಿಗಿಂತ ಹೆಚ್ಚ ಹೊತ್ತಿತ್ತು. ಪಾಪ ಅದಕ್ಯಾಕ ಬೈಬೇಕು.

ಹೊಸಾ ಗಾಲಿ ತರಾಕ ಪ್ಯಾಟಿಗೆ ಹೋದೆ. ಅಂಗಡಿಯಾವ್ರು ಕೇಳೂದು ಒಂದ ಪ್ರಶ್ನೆ, "ಬ್ರೇಕ್ ಇದ್ದದ್ದೋ, ಇಲ್ಲದ್ದೋ?" ಇಲ್ಲೇ ನಾನು ಮೊದಲ ಸಲಾ ಮೋಸ ಹೋದದ್ದು. ಬ್ರೇಕ್ ಅಂದ್ರ ಬರೇ ಗಾಲಿ ಹಿಡಿಯೂದು. ನಮಗ ಬೇಕಾದದ್ದು ಟೋಟಲ್ ಲಾಕ್, ಒಂದ ಪೆಡಲ್ ಒತ್ತಿದ್ರ ಗಾಲಿನೂ ನಿಲ್ಲಬೇಕು, ತಲಿನೂ ತಿರಗಬಾರದು. ಹೆಸರ ಹೇಳಿದ್ರ ಸಾಲೂದಿಲ್ಲ, ಯಾಕಂದ್ರ ಎರಡನೇ ಅಂಗಡ್ಯಾವ್ರು ಸಾದಾ ಬ್ರೇಕಿನ ಗಾಲಿನ ಕೈಯಾಗ ಕೊಟ್ಟು ಇದ ಟೋಟಲ್ ಲಾಕ್ ಅಂದ್ರು. ಅಲ್ಲೇ ನಿಂತು ಪರೀಕ್ಷಾ ಮಾಡ್ರಿ: ಪೆಡಲ್ ಒತ್ತಿ, ಮ್ಯಾಲಿನ ಪ್ಲೇಟ್ ಒಂದ ಕೈಯಾಗ, ಫೋರ್ಕ್ ಇನ್ನೊಂದ ಕೈಯಾಗ ಹಿಡದು ತಿರುವ್ರಿ. ತಿರಗಿದ್ರ ವಾಪಸ್ ಕೊಡ್ರಿ. ಅಸಲಿ ಟೋಟಲ್ ಲಾಕ್ ಒಳಗ ಪೆಡಲ್‌ನ ಪಟ್ಟಿ ಒಂದ ಕಡೆ ಗಾಲಿ ಒತ್ತತೈತಿ, ಇನ್ನೊಂದ ಕಡೆ ತಲಿಗೆ ಕಚ್ಚಿ ಹಿಡೀತೈತಿ. ಮೂರನೇ ಅಂಗಡ್ಯಾಗ ಸಿಕ್ತು, 150 ಬೈ 50 ಎಂಎಂ, ಬೀಡಿನ (ಎರಕದ ಕಬ್ಬಿಣದ) ಗಾಲಿ ಮ್ಯಾಲೆ ಪಿಯು, ಒಂದಕ್ಕ 300 ಕೆಜಿ. ನಾಲ್ಕೂ ಟೋಟಲ್ ಲಾಕ್ ತಗೊಂಡೆ, ಎರಡಕ್ಕ ಅಷ್ಟ ಬ್ರೇಕ್ ಹಾಕೂ ಚಟಾ ಬಿಟ್ಟೆ. ರೊಕ್ಕ ಹಳೇದಕ್ಕಿಂತ ಮೂರ ಪಟ್ಟ ಹತ್ರ ಆತು, ಮನ್ಯಾಗ ಹೇಳಿಲ್ಲ.

ಹಚ್ಚೂದು ಸುಲಭ, ಎಂ12 ಬೋಲ್ಟು, ಕೆಳಗ ನೈಲಾಕ್ (ಸಡಲ ಆಗದ) ನಟ್ಟು. ಒಂದ ಮರತಿದ್ದೆ: ಪೆಡಲ್ ಹೊರಗ ಚಾಚಿರ್ತೈತಿ, ಗಾಲಿ ಪೂರಾ ಸುತ್ತ ತಿರಗಿದ್ರ ಅದು ಕೆಳಗಿನ ಶೆಲ್ಫಿನ ಯಾಂಗಲ್‌ಗೆ ಬಡೀತಿತ್ತು. ಯಾಂಗಲ್ ಎರಡ ಇಂಚ ಮ್ಯಾಲೆ ಎತ್ತಿ ಮತ್ತ ವೆಲ್ಡ್ ಮಾಡಿದ್ವಿ. ಇನ್ನೊಂದು, ಟೇಬಲ್ ನಿಲ್ಲಿಸುವಾಗ ಪೆಡಲ್ ಟೇಬಲ್ ಒಳಗ ಮಾರಿ ಮಾಡಿ ನಿಂತ್ರ ಕಾಲು ಮುಟ್ಟೂದಿಲ್ಲ, ಅದಕ್ಕ ನಿಲ್ಲಿಸೂ ಮುಂಚೆ ಒಂದರ್ಧ ಫೂಟ್ ಒಳಗ ದಬ್ಬಿದ್ರ ನಾಲ್ಕೂ ಪೆಡಲ್ ನಮ್ಮ ಕಡೆ ಮಾರಿ ಮಾಡತಾವ. ನಮ್ಮ ಹುಡುಗಗ ಇದು ಎರಡ ದಿನದಾಗ ರೂಢಿ ಆತು, ನನಗ ಇನ್ನೂ ಆಗಿಲ್ಲ.

ಈಗ ಕಾಟಾ. ಕೈಲೆ ಜಗ್ಗಿದ್ರ ಹಂದೂದಿಲ್ಲ, ಅದಕ್ಕ ಚೈನ್ ಪುಲ್ಲಿ ಶೆಡ್ ಕಂಬಕ್ಕ ಕಟ್ಟಿ ಅಡ್ಡ ಜಗ್ಗಿದ್ವಿ. ಖಾಲಿ ಟೇಬಲ್, ಕಸಾ ಹೊಡದ ನೆಲಾ, ನಾಲ್ಕೂ ಲಾಕ್: 130 ಕೆಜಿಗೆ ಸರೀತು. ಈ ಸಲಾ ಗಾಲಿನೂ ತಿರಗಿಲ್ಲ, ತಲಿನೂ ತಿರಗಿಲ್ಲ, ಪೂರಾ ಟೇಬಲ್ ನೆಲದ ಮ್ಯಾಲೆ ಜಾರಿದ್ದು. ಅಂದ್ರ ಬ್ರೇಕಿಂದ ಬರಬೇಕಾದದ್ದು ಇಷ್ಟ, ಇನ್ನ ಮುಂದ ನೆಲದ ಹಿಡಿತ. ಹುಡುಗ ಸುಮ್ನ ಇರಲಾರದ ಒಂದ ಮುಷ್ಟಿ ಗ್ರೈಂಡಿಂಗ್ ಪುಡಿ ಗಾಲಿ ಕೆಳಗ ಚೆಲ್ಲಿ ಮತ್ತ ಜಗ್ಗು ಅಂದಾ. 85! ಬರೇ ಪುಡಿಗೆ 45 ಕೆಜಿ ಹಿಡಿತ ಹೋತು. ಆವತ್ತಿಂದ ಟೇಬಲ್ ನಿಲ್ಲಿಸೂ ಜಾಗಾ ಮೊದಲ ಕಸಬರಿಗಿ, ಆಮ್ಯಾಲೆ ಪೆಡಲ್.

ನಡುವ ಒಂದ ಮಾತು. ಈ ಬ್ರೇಕ್ ನಿಂತ ಟೇಬಲ್ ನಿಲ್ಲಸಾಕ ಅಷ್ಟ, ಓಡೂ ಟೇಬಲ್ ನಿಲ್ಲಸಾಕ ಅಲ್ಲ. ಒಮ್ಮೆ ಮಾಲಿನ ಸಮೇತ ದಬ್ಬಕೋತ ಹೊಂಟಾಗ ಹೊಸಾ ಹೆಲ್ಪರ್ ಒಬ್ಬಾವ ಮುಂದಿನ ಪೆಡಲ್ ಒದ್ದಾ, ಆ ಗಾಲಿ ಗಪ್ ಅಂತ ನಿಂತು, ಐದನೂರ ಕೆಜಿ ಅದರ ಸುತ್ತ ಗಿರಕಿ ಹೊಡದು ಕಂಪ್ರೆಸರ್‌ಗೆ ಬಂದು ಬಡೀತು. ಕಂಪ್ರೆಸರ್ ಬೆಲ್ಟ್ ಗಾರ್ಡ್ ಇನ್ನೂ ಡೊಂಕ ಐತಿ, ಬೇಕಂತ ಸರಿ ಮಾಡಿಲ್ಲ, ಹೊಸಾ ಹುಡುಗರಿಗೆ ತೋರಸಾಕ ಬೇಕಲ್ಲಾ.

ಇನ್ನ ಬಗ್ಗಸೂ ಕೆಲಸ. 130 ಅಂದ್ರ ಜಾಸ್ತಿ ಅನಸ್ತೈತಿ, ಆದ್ರ ಆರ ಫೂಟ್ ಪೈಪ್ ಹಾಕಿ ಇಬ್ಬರು ಗಂಡಾಳು ಏಕದಂ ಜಗ್ಗಿದ್ರ ಅದು ಸಾಲೂದಿಲ್ಲ, ಒಂದೊಂದ ಜಗ್ಗಿಗೆ ಟೇಬಲ್ ಒಂದೊಂದ ಬೆರಳ ಹೊಳ್ಳತಿತ್ತು. ಇಲ್ಲಿ ಎಂಥಾ ಗಾಲಿ ಹಾಕಿದ್ರೂ ಅಷ್ಟ. ಬಗ್ಗಸೂ ಟೇಬಲ್ ಗಾಲಿ ಮ್ಯಾಲೆ ನಿಲ್ಲಬಾರದು, ನನ್ನ ಹಟಾ ಬಿಟ್ಟೆ.

ಅದಕ್ಕ ನಾಲ್ಕ ಕಾಲಿಗೂ ಹೊರಮೈಗೆ ಎಂ24 ನಟ್ ವೆಲ್ಡ್ ಮಾಡಿ, ಅದರಾಗ ಉದ್ದನ ಬೋಲ್ಟ್ ಇಳಿಬಿಟ್ಟು, ತುದಿಗೆ 100 ಎಂಎಂ ಗುಂಡ ಪ್ಲೇಟು, ಪ್ಲೇಟ್ ಕೆಳಗ ಗುಜರಿಯಿಂದ ತಂದ ಕನ್ವೇಯರ್ ಬೆಲ್ಟಿನ ತುಂಡು. ನಟ್ ವೆಲ್ಡ್ ಮಾಡೂವಾಗ ಬೋಲ್ಟ್ ಒಳಗ ಹಾಕಿಟ್ಟೇ ಟಾಕಾ ಹೊಡೀರಿ, ಇಲ್ಲಾಂದ್ರ ನಟ್ ಸೊಟ್ಟ ಆಗಿ ಬೋಲ್ಟ್ ಇಳಿಯೂದಿಲ್ಲ, ಮೊದಲನೇದನ್ನ ನಾನು ಹಂಗ ಕೆಡಿಸಿದೆ. ಎಂ24 ಬೋಲ್ಟ್ ಒಂದ ಸುತ್ತಿಗೆ 3 ಎಂಎಂ ಇಳೀತೈತಿ. ಗಾಲಿ ನೆಲಾ ಬಿಟ್ಟು ಕೈಲೆ ತಿರುವಿದ್ರ ತಿರಗಿದ್ರ ಸಾಕು, ಎರಡ ಮೂರ ಎಂಎಂ, ಹೆಚ್ಚ ಎತ್ತಿದ್ರ ಟೇಬಲ್ ಉದ್ದನ ಕಾಲಿನ ಮ್ಯಾಲೆ ನಡಗತೈತಿ. ಇದರಾಗ ಒಂದ ಲಾಭ ಪುಕ್ಕಟೆ ಬಂತು, ಆ 20 ಎಂಎಂ ಇಳಿಜಾರನ್ನೂ ತಗ್ಗಿನ ಬದಿ ಬೋಲ್ಟ್ ಅಷ್ಟ ಹೆಚ್ಚ ಇಳಿಸಿ ಸರಿ ಮಾಡಿ ಟೇಬಲ್ ಪಾತಳಿಗೆ ತಂದ್ವಿ, ಈಗ ಗೇಟಿನ ಮೂಲಿ ಗುಣ್ಯಾ (ಲಂಬಕೋನ ನೋಡೂ ಸಾಧನ) ಹಿಡದ್ರ ಕಣ್ಣ ಮುಚ್ಚಿ ನಂಬಬಹುದು. ಶನಿವಾರ ಸಂಜಿಕ ಟೇಬಲ್ ಬೋಲ್ಟ್ ಮ್ಯಾಲೆ ಎತ್ತಿ ಹೋದ್ರ ಗಾಲಿ ಚಪ್ಪಟ ಆಗೂ ಚಿಂತಿನೂ ಇಲ್ಲ.

ಕಾಟಾ ಹಚ್ಚಿ ನೋಡಿದ್ರೇನ ಅಂತ ಕೇಳಬ್ಯಾಡ್ರಿ, ಬಾಜೂದಾವ್ರು ಅಷ್ಟೊತ್ತಿಗೆ ತಮ್ಮ ಕಾಟಾ ಕಸಗೊಂಡ ಹೋಗಿದ್ರು. ಇಬ್ಬರು ಕೂಡಿ 50 ಬೈ 10 ಪಟ್ಟಿ ಬಗ್ಗಸಿದ್ವಿ, ಟೇಬಲ್ ಹಂದಲಿಲ್ಲ, ವೈಸ್‌ನ ಬೋಲ್ಟ್ ಸಡಲಾತು.

ಅಮಾಸಿಗೆ ಮಷೀನ್ ಪೂಜಾ ಇರ್ತೈತಿ, ಕೆಲಸ ಬಂದ್, ಅವತ್ತ ತಲಿಯ ಗ್ರೀಸ್ ನಿಪ್ಪಲ್‌ಗೆ ಹಳೇ ಗ್ರೀಸ್ ಹೊರಗ ಬರೂತನಾ ಗನ್ ಹೊಡದು ಅರಿವಿಲೆ ಒರಸೂದು ಅಂತ ಮಾಡೇವಿ. ಗಾಲಿ ಮೈಗೆ ಗ್ರೀಸ್ ಹತ್ತಬಾರದು, ಬ್ರೇಕ್ ಜಾರತೈತಿ. ಹಳೇ ಗಾಲ್ಯಾಗ ಮೂರ ಚೊಲೋ ಇದ್ದೂವು, ಪಿನ್ ಲಾಕ್ ಸಮೇತ ಗುಜರಿ ಡಬ್ಬಿಗೆ ಹಚ್ಚೇವಿ, ಮೂರ ಗಾಲಿನ ಸಾಕು ಅದಕ್ಕ. ಹುಡುಗಗ ಸೇಫ್ಟಿ ಬೂಟು ಕೊಡಿಸೇನಿ. ಮೊನ್ನೆ ನೋಡ್ತೇನಿ, ಆ ಬೂಟಿಲೆ ಪೆಡಲ್ ಒದೀತಾನ, ಒಂದರ ತುದಿ ಆಗಲೇ ಬಗ್ಗೈತಿ.